ದನಿ ಹೋದರೆ ನಮಗೆ ಪರದೆಯೇ ಹೋದ ಹಾಗೆ

ಮಾನ್ಯ ಸಂಪಾದಕರೇ,

ಲಿನಕ್ಸ್ ಕಂಪ್ಯೂಟರಿನಲ್ಲಿ, ಯಂತ್ರವನ್ನು ನಡೆಸುವ ತಿರುಳಾದ ಕರ್ನಲ್ ಅಪ್‌ಗ್ರೇಡ್ ಆದ ಮೇಲೆ ಸೌಂಡ್ ಹೋಯಿತೆಂದರೆ ಕಣ್ಣಿದ್ದವರಿಗೆ ಅದೊಂದು ಸಣ್ಣ ಕಿರಿಕಿರಿ. ಹಾಡು ಇವತ್ತಲ್ಲದಿದ್ದರೆ ನಾಳೆ ಕೇಳಿದರಾಯಿತು. ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ತಿಪಟೂರಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಬೆಳಗಿನ ನಿಮ್ಮ ಪತ್ರಿಕೆ ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲಿ ಆರ್ಕಾ ಎಂಬ ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ. ಬರಹವನ್ನು ಮಾತಾಗಿಸಲು ಅದು ಬಳಸುವ ಇ-ಸ್ಪೀಕ್‌ನ ಕನ್ನಡ ದನಿ ತಗಡು ಬಡಿದ ಹಾಗಿರುತ್ತದೆ ಎಂದು ಹೊಸಬರು ಹೇಳುತ್ತಾರೆ. 2019ರಿಂದ ದಿನವೂ ಕೇಳಿ ನನಗದು ಮನೆಯವರ ದನಿಯಷ್ಟೇ ಬಳಕೆಯಾಗಿದೆ.

ನನ್ನ ಯಂತ್ರದಲ್ಲಿದ್ದ ಲಿನಕ್ಸ್ ಡೆಬಿಯನ್ ಎಂಬ ಬಗೆಯದು. ಅದರ 10ನೇ ಆವೃತ್ತಿಗೆ 2024ರ ಜೂನ್ ಕೊನೆಗೆ ಬೆಂಬಲ ಮುಗಿಯುವುದಿತ್ತು. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ 11ಕ್ಕೆ ಏರಿಸಿಕೊಳ್ಳೋಣವೆಂದು ಅಂಗಡಿಯೊಂದಕ್ಕೆ ಕೊಟ್ಟೆ. ಸಂಜೆ ವಾಪಸ್ ಕೊಡುವಾಗ ಹುಡುಗ, 'ಎಲ್ಲ ಸರಿಯಾಗಿ ಬಂದಿದೆ ಮೇಡಂ, ಸೌಂಡ್ ಒಂದು ಬಿಟ್ಟು' ಅಂದ. ಮನೆಗೆ ಬಂದು ಆನ್ ಮಾಡಿದೆ. ಫ್ಯಾನ್ ಸುಯ್ ಅಂತಿತ್ತು, ತಳ ಬೆಚ್ಚಗಾಗುತ್ತಿತ್ತು, ಅಷ್ಟೇ. ಆರ್ಕಾ ಎಬ್ಬಿಸುವ ಆಲ್ಟ್, ಸೂಪರ್, ಎಸ್ ಕೀಗಳನ್ನು ಎಷ್ಟು ಸಲ ಒತ್ತಿದೆನೋ. ಲಾಗಿನ್ ಬಂದಿದೆಯೋ, ಎಲ್ಲೋ ನಿಂತಿದೆಯೋ ತಿಳಿಯುವ ದಾರಿಯೇ ಇಲ್ಲ. ಶಾಲೆ ತೆರೆಯುವ ದಿನ ಒಪ್ಪಿಸಬೇಕಾದ ವಾರ್ಷಿಕ ಕಾರ್ಯಯೋಜನೆ ಅದರೊಳಗೇ ಇತ್ತು. ಎರಡು ದಿನ ಅದನ್ನು ಮುಟ್ಟಲಾಗಲಿಲ್ಲ.

ಮೈಸೂರಿನ ಗೆಳತಿಯೊಬ್ಬಳು ಫೋನಿನಲ್ಲೇ ದಾರಿ ತೋರಿಸಿದಳು. ಅವಳಿಗೂ ಕಣ್ಣಿಲ್ಲ, ಆದ್ದರಿಂದ ಎಣಿಕೆಯಲ್ಲೇ ಹೇಳಿದಳು: ಆನ್ ಮಾಡು, ಯಾವ ಕರ್ನಲ್ ಬೇಕೆಂದು ಆರಿಸುವ ಗ್ರಬ್ ಮೆನು ಬರುವಷ್ಟು ಹೊತ್ತು ಬಿಡು, ಕೆಳಬಾಣ ಒಂದು ಸಲ, ಎಂಟರ್, ಮತ್ತೆ ಕೆಳಬಾಣ ಎರಡು ಸಲ, ಎಂಟರ್. ಆ ಮೆನು ಮಾತಾಡುವುದಿಲ್ಲ, ಐದು ಸೆಕೆಂಡು ಮಾತ್ರ ಕಾಯುತ್ತದೆ. ಮೊದಲ ಸಲ ನನ್ನ ಬೆರಳು ತಡವಾಯಿತು. ಎರಡನೆಯ ಸಲ ಹಳೆಯ 4.19 ಕರ್ನಲ್ ಎದ್ದಿತು, ಲಾಗಿನ್‌ನಲ್ಲಿದ್ದ ನನ್ನ ಹೆಸರನ್ನು ಆರ್ಕಾ ಓದಿತು. ಫೋನಿನ ಆಚೆ ಅವಳಿಗೂ ಕೇಳಿಸಿತು. ಇಬ್ಬರಿಗೂ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಆಮೇಲೆ ಹಿಂದಿನ ಸಲ ಆನ್ ಆದಾಗ ಏನೇನಾಯಿತೆಂದು ಯಂತ್ರ ಬರೆದಿಟ್ಟ ಲಾಗ್ ತೆಗೆದು ಸಾಲು ಸಾಲಾಗಿ ಕೇಳಿಸಿಕೊಂಡೆ. ಇಂಟೆಲ್ ಸೌಂಡ್ ಚಿಪ್‌ನ ಫರ್ಮ್‌ವೇರ್, ಅಂದರೆ ಚಿಪ್ ಒಳಗೆ ಓಡುವ ತಂತ್ರಾಂಶದ ಕಡತ ತೆರೆಯಲು ಹೋಗಿ, ಎರರ್ ಮೈನಸ್ 2 ಎಂದು ನಿಂತಿತ್ತು. ಕಡತವೇ ಇಲ್ಲ ಎಂದು ಅದರ ಅರ್ಥ. ಹಳೆಯ ಕರ್ನಲ್, ಚಿಪ್ ನಡೆಸುವ ಹಳೆಯ ಎಚ್‌ಡಿ ಆಡಿಯೋ ಡ್ರೈವರ್‌ನಿಂದಲೇ ಸ್ಪೀಕರ್ ನುಡಿಸುತ್ತಿತ್ತು. ಹೊಸ 5.10, ಒಳಗೆ ಡಿಜಿಟಲ್ ಮೈಕ್ ಇರುವುದನ್ನು ಕಂಡು ಸೌಂಡ್ ಓಪನ್ ಫರ್ಮ್‌ವೇರ್‌ನ ಡ್ರೈವರ್ ಆರಿಸಿಕೊಂಡಿತು. ಅದಕ್ಕೆ ಬೇಕಾದ ಪ್ಯಾಕೇಜು, ಅಂದರೆ ಫರ್ಮ್‌ವೇರ್-ಸೋಫ್-ಸೈನ್ಡ್, ಡೆಬಿಯನ್ 11ರಲ್ಲಿ ಮುಕ್ತವಲ್ಲದ ತಂತ್ರಾಂಶದ ನಾನ್-ಫ್ರೀ ವಿಭಾಗದಲ್ಲಿತ್ತು, ತಾನಾಗಿ ಬರುವುದಿಲ್ಲ. ಅದಿಲ್ಲದೆ ಸೌಂಡ್ ಕಾರ್ಡೇ ಹುಟ್ಟುವುದಿಲ್ಲ, ಸೆಟ್ಟಿಂಗ್ಸ್‌ನಲ್ಲಿ 'ಡಮ್ಮಿ ಔಟ್‌ಪುಟ್' ಎಂದಷ್ಟೇ ಇರುತ್ತದೆ. ಆ ವಿಭಾಗ ಸೇರಿಸಿ ಪ್ಯಾಕೇಜು ಹಾಕಿದೆ, ಯಾವ ಬಾಣವನ್ನೂ ಒತ್ತದೆ ಮರುಚಾಲನೆ ಮಾಡಿದೆ, ಹೊಸ ಕರ್ನಲ್‌ನಲ್ಲೇ ದನಿ ಬಂತು. ಕೊಂಡಾಗಿನಿಂದ ಕೆಲಸ ಮಾಡದಿದ್ದ ಒಳಗಿನ ಮೈಕ್ ಕೂಡ ಅಂದಿನಿಂದ ಕೆಲಸ ಮಾಡುತ್ತಿದೆ.

ಲಿನಕ್ಸ್ ಬೇಡವೆಂದು ಯಾರೂ ಇದರಿಂದ ತಿಳಿಯಬಾರದು. ಬೀಪ್ ಕೇಳಿದ ಮೇಲೆ ಎಸ್ ಒತ್ತಿ ಎಂಟರ್ ಕೊಟ್ಟರೆ ಡೆಬಿಯನ್ ಇನ್‌ಸ್ಟಾಲರ್ ಮೊದಲ ಪ್ರಶ್ನೆಯಿಂದಲೇ ಮಾತಾಡುತ್ತದೆ. ಕಣ್ಣಿದ್ದವರನ್ನು ಕರೆಯದೆ ನಾನೇ ಇನ್‌ಸ್ಟಾಲ್ ಮಾಡಿದ್ದೇನೆ. ಇಂಥ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಸೇರಿಸಬೇಕೆಂದು ಡೆಬಿಯನ್ ಬಳಗ 2022ರಲ್ಲಿ ಮತ ಹಾಕಿ ತೀರ್ಮಾನಿಸಿತು, 2023ರ 12ನೇ ಆವೃತ್ತಿಯಿಂದ ಅದು ಜಾರಿಯಲ್ಲಿದೆ. ಹಳೆಯ ಯಂತ್ರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವವರಿಗೆ ಮಾತ್ರ ಈ ಗುಂಡಿ ಇನ್ನೂ ಹಾಗೆಯೇ ಇದೆ.

ಶಾಲೆಗಳಲ್ಲಿ, ಗ್ರಂಥಾಲಯಗಳಲ್ಲಿ, ಅಂಗಡಿಗಳಲ್ಲಿ ನಮ್ಮಂಥವರ ಕಂಪ್ಯೂಟರ್ ಮುಟ್ಟುವವರಿಗೆ ನನ್ನ ವಿನಂತಿ ಇಷ್ಟು. ದನಿ ಬರುವ ತನಕ, ಬೇಡವಾದ ಪ್ಯಾಕೇಜು ತೆಗೆಯುವ ಆಟೋರಿಮೂವ್ ಆಜ್ಞೆ ಕೊಟ್ಟು ಹಳೆಯ ಕರ್ನಲ್ ಅಳಿಸಬೇಡಿ. ನನ್ನನ್ನು ಕಾಪಾಡಿದ್ದು ಅದೇ. ಚೀಲದಲ್ಲಿ ಒಂದು ಯುಎಸ್‌ಬಿ ಹೆಡ್‌ಫೋನ್ ಇಟ್ಟುಕೊಳ್ಳಿ. ಅದರೊಳಗೆ ಅದರದೇ ಸೌಂಡ್ ಕಾರ್ಡ್ ಇರುವುದರಿಂದ, ಲ್ಯಾಪ್‌ಟಾಪಿನ ಚಿಪ್ ಮೌನವಾದಾಗಲೂ ಅದರಲ್ಲಿ ಆರ್ಕಾ ಮಾತಾಡಬಲ್ಲದು. ನನಗೆ ಆ ಎರಡು ದಿನ ಇದು ಗೊತ್ತಿದ್ದಿದ್ದರೆ! ಮುಗಿಯಿತು ಎನ್ನುವ ಮುಂಚೆ ಯಂತ್ರವನ್ನು ಒಮ್ಮೆ ಆರಿಸಿ, ಮತ್ತೆ ಹಚ್ಚಿ, ಕೀಬೋರ್ಡನ್ನು ನಮ್ಮ ಕೈಗೆ ಕೊಡಿ. ಅದು ಮಾತಾಡಿದ ಮೇಲೆ ಬಿಲ್ ಬರೆಯಿರಿ.

— ಒಬ್ಬ ಶಿಕ್ಷಕಿ, ತಿಪಟೂರು