ಪುಟ್ಟನ ವಿಡಿಯೋ ಗೇಮ್ ವಿಚಾರವಾಗಿ ಅಕ್ಕನಿಗೆ

ಕ್ಯೋಟೋ, ಜಪಾನ್

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಪ್ಪನ ಮಂಡಿನೋವು ಕಡಿಮೆಯಾಗಿದೆ ಅಂತ ಅಮ್ಮ ಫೋನಿನಲ್ಲಿ ಹೇಳಿದಳು, ಮನಸ್ಸಿಗೆ ಸಮಾಧಾನವಾಯಿತು. ಮಧುಗಿರಿ ಕಡೆ ಮಳೆ ಚೆನ್ನಾಗಿ ಬಂದಿದೆಯಂತೆ. ಅಪ್ಪನಿಗೆ ಹೇಳು, ಶೇಂಗಾ ಬಿಡಿಸುವಾಗ ಬಗ್ಗಿ ಕೆಲಸ ಮಾಡುವುದು ಬೇಡ, ಆಳು ಇಟ್ಟುಕೊಳ್ಳಲಿ.

ಪುಟ್ಟ ವಿಡಿಯೋ ಗೇಮ್ ಬೇಕು ಅಂತ ಹಟ ಹಿಡಿದು ಕೂತಿದ್ದಾನೆ, ನಿನ್ನ ಅಳಿಯನಿಗೆ ನೀನೇ ಬುದ್ಧಿ ಹೇಳು ಅಂದೆಯಲ್ಲ, ಅದು ಫೋನಿನಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಮಾತಲ್ಲ ಕಣಕ್ಕ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬುದ್ಧಿ ಹೇಳುವುದಕ್ಕಲ್ಲ, ಅವನ ಪರವಾಗಿ ನಿನ್ನ ಹತ್ತಿರ ಮಾತಾಡುವುದಕ್ಕೆ. ಭಾವನವರಿಗೂ ಓದಿ ಹೇಳು. ಮೊಬೈಲಿನಲ್ಲಿ ಬೆರಳಾಡಿಸುತ್ತಾ ಕೂರುವ ಆಟಗಳಿಗೂ, ಟಿವಿಗೆ ಸಿಕ್ಕಿಸಿ ಆಡುವ ಒಳ್ಳೆಯ ಆಟಗಳಿಗೂ ಅಜಗಜಾಂತರ ವ್ಯತ್ಯಾಸ ಇದೆ. ಎರಡನ್ನೂ ಒಂದೇ ಅಂದುಕೊಂಡು ಬೇಡ ಅನ್ನಬೇಡಿ.

ನಾವಿಬ್ಬರೂ ಸೇರಿ ಆಡುತ್ತಿದ್ದ ಗುಂಡು ಹಾರಿಸುವ ವಿಡಿಯೋ ಗೇಮು, ಕಾಂಟ್ರಾ, ನೆನಪಿದೆಯಾ? ಆ ಹಳದಿ ಕ್ಯಾಸೆಟ್ಟು, ಊದಿ ಊದಿ ಹಾಕುತ್ತಿದ್ದೆವಲ್ಲ. ಅದರಲ್ಲಿ ಮೂರನೇ ಹಂತ ಜಲಪಾತ. ಮೊದಲ ಹಂತದಲ್ಲಿ ಬಲಕ್ಕೆ ಓಡಿದವರು ಇಲ್ಲಿ ಕಲ್ಲಿಂದ ಕಲ್ಲಿಗೆ ನೆಗೆಯುತ್ತಾ ಮೇಲಕ್ಕೆ ಹೋಗಬೇಕು. ಒಬ್ಬರು ಬೇಗ ಹತ್ತಿಬಿಟ್ಟರೆ ಪರದೆಯೂ ಅವರ ಜೊತೆ ಮೇಲೇರುತ್ತೆ, ಹಿಂದೆ ಉಳಿದವನ ಕಾಲಕೆಳಗಿನ ಕಲ್ಲೇ ಪರದೆಯಿಂದ ಮಾಯ, ಅವನು ಸತ್ತ. ನೀನು ಮೇಲಿನ ಕಲ್ಲಿನಲ್ಲಿ ನಿಂತು, ಗುಂಡು ತಪ್ಪಿಸಿಕೊಳ್ಳುತ್ತಾ, "ಬಾರೋ, ಬೇಗ ಬಾರೋ" ಅಂತ ನನಗಾಗಿ ಕಾಯುತ್ತಿದ್ದೆ. ಜೊತೆಗಾರನಿಗೆ ಕಾಯಬೇಕು ಅಂತ ಆಟದಲ್ಲಿ ಎಲ್ಲೂ ಬರೆದಿಲ್ಲ. ಜಲಪಾತ ಹತ್ತುವಾಗ ತಾನಾಗಿ ಗೊತ್ತಾಗುತ್ತೆ. ಒಳ್ಳೆಯ ಆಟ ಅಂದರೆ ನನ್ನ ಮಟ್ಟಿಗೆ ಇದೇ ಅಕ್ಕ. ಪಾಠ ಒಪ್ಪಿಸದೆ, ಹೆಜ್ಜೆಹೆಜ್ಜೆಗೂ ಬಾಣದ ಗುರುತು ಹಾಕದೆ, ಆಡುವವನು ತಾನೇ ಕಂಡುಕೊಳ್ಳುತ್ತಾನೆ ಅಂತ ನಂಬಿ ಬಿಟ್ಟುಬಿಡುವುದು.

ಅದರಲ್ಲೇ ಇನ್ನೊಂದು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ರಿಮೋಟಿನ ಗುಂಡಿಗಳನ್ನು ಈ ಕ್ರಮದಲ್ಲಿ ಒತ್ತಿದರೆ 30 ಜೀವ! ಗುಂಡಿಗಳ ಈ ಗುಟ್ಟನ್ನು ಮೊದಲು ಆಟಕ್ಕೆ ಹಾಕಿದವರು ಕೊನಾಮಿ ಅನ್ನುವ ಗೇಮ್ ಕಂಪನಿಯ ಕಜುಹಿಸಾ ಹಶಿಮೊಟೊ ಅಂತ. 1986ರಲ್ಲಿ 'ಗ್ರೇಡಿಯಸ್' ಅನ್ನುವ ಆಟವನ್ನು ಮನೆಯಲ್ಲಿ ಆಡುವ ಯಂತ್ರಕ್ಕೆ ಅಳವಡಿಸುವಾಗ, ಪರೀಕ್ಷೆ ಮಾಡಿ ನೋಡುವುದಕ್ಕೆ ಅವರಿಗೇ ಅದು ಕಷ್ಟವಾಗುತ್ತಿತ್ತಂತೆ. ಅದಕ್ಕೆ ಈ ದಾರಿ ಮಾಡಿಕೊಂಡರು. 2020ರಲ್ಲಿ ತೀರಿಕೊಂಡರು. ಆ ಹತ್ತು ಒತ್ತುಗಳು ಮಧುಗಿರಿಯ ಮಕ್ಕಳ ಬಾಯಿಗೂ ಬಂದಿದ್ದವು ಅನ್ನುವುದು ಅವರಿಗೆ ತಿಳಿದಿರಲಾರದು.

ಅಟ್ಟದ ಮೇಲಿರುವ ಬಾತುಕೋಳಿ ಹೊಡೆಯುವ ಆಟದ ಪಿಸ್ತೂಲು ಹೊಸ ಟಿವಿಗೆ ಕೆಲಸ ಮಾಡುತ್ತಾ ಅಂತ ಪುಟ್ಟ ಕೇಳಿದ್ದ. ಮಾಡುವುದಿಲ್ಲ ಅಂತ ಹೇಳು, ಕಾರಣವನ್ನೂ ಹೇಳು, ಅವನಿಗೆ ಖುಷಿಯಾಗುತ್ತೆ. ಆ ಪಿಸ್ತೂಲಿನಿಂದ ಏನೂ ಹೊರಗೆ ಹೋಗುವುದಿಲ್ಲ. ಅದರ ನಳಿಕೆಯೊಳಗೆ ಬೆಳಕು ಗುರುತಿಸುವ ಒಂದು ಚಿಕ್ಕ ಭಾಗ ಇದೆ. ಟ್ರಿಗರ್ ಒತ್ತಿದ ಕ್ಷಣ ಪರದೆ ಪೂರ್ತಿ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡಿ ಹೋಗುತ್ತೆ. ಪಿಸ್ತೂಲಿಗೆ ಆ ಬಿಳಿ ಬೆಳಕು ಕಂಡರೆ ಗುರಿ ತಾಗಿದ ಹಾಗೆ. ಈ ಲೆಕ್ಕವೆಲ್ಲ ಹಳೇ ಡಬ್ಬಾ ಟಿವಿಯ ವೇಗಕ್ಕೆ ಹಾಕಿದ್ದು. ಈಗಿನ ಚಪ್ಪಟೆ ಟಿವಿಯಲ್ಲಿ ಚಿತ್ರ ಮೂಡುವುದು ತುಸು ತಡ, ಅಷ್ಟರಲ್ಲಿ ಪಿಸ್ತೂಲು ನೋಡಿ ಮುಗಿಸಿರುತ್ತೆ.

ನಾನಿರುವ ಈ ಕ್ಯೋಟೋ ಊರಲ್ಲೇ ನಿಂಟೆಂಡೊ ಅನ್ನುವ ವಿಡಿಯೋ ಗೇಮ್ ಕಂಪನಿ ಹುಟ್ಟಿದ್ದು. 1889ರಲ್ಲಿ, ವಿಡಿಯೋ ಗೇಮಿಗಲ್ಲ, ಹನಾಫುದ ಅನ್ನುವ ಹೂವಿನ ಚಿತ್ರದ ಇಸ್ಪೀಟು ಎಲೆಗಳಿಗೆ. ಪಕ್ಕದ ಉಜಿಯಲ್ಲಿ ಅವರ ಹಳೇ ಕಾರ್ಖಾನೆಯನ್ನು ಮ್ಯೂಸಿಯಂ ಮಾಡಿ 2024ರ ಅಕ್ಟೋಬರಿನಲ್ಲಿ ತೆರೆದರು. ಟಿಕೆಟ್ಟು ಲಾಟರಿ ಎತ್ತಿ ಕೊಡುತ್ತಾರೆ, ನನಗೆ ಸಿಕ್ಕಿತು, ಹೋಗಿ ಬಂದೆ. ಅಲ್ಲಿ ಆಳೆತ್ತರದ ರಿಮೋಟ್‌ಗಳಿವೆ, ಒಬ್ಬರಿಂದ ಆಗುವುದಿಲ್ಲ, ಇಬ್ಬರು ಸೇರಿ ಆಡಬೇಕು. ನಾನು ಬಾಣದ ಗುಂಡಿಗಳ ಕಡೆ ನಿಂತೆ, ನನ್ನ ಜೊತೆ ಕೆಲಸ ಮಾಡುವ ಹುಡುಗ ನೆಗೆಯುವ ಗುಂಡಿಯ ಕಡೆ. ಮೈಯೆಲ್ಲ ಬಳಸಿ ಒತ್ತಬೇಕು. ಆಟದ ನಾಯಕ ಮಾರಿಯೋ ಹಳ್ಳಕ್ಕೆ ಬೀಳುವ ಮುಂಚೆ "ಈಗ, ಈಗ" ಅಂತ ನಾನು ಕನ್ನಡದಲ್ಲೇ ಕೂಗುತ್ತಿದ್ದೆ, ಅವನಿಗೆ ಅರ್ಥವಾಗುತ್ತಿತ್ತು. ನೀನಿರಬೇಕಿತ್ತು ಅನ್ನಿಸಿತು.

ಈಗ ನನ್ನ ಪ್ರಾಣಕ್ಕೆ ಪ್ರಾಣವಾದ ಆಟದ ವಿಷಯ. 'ದಿ ಲೆಜೆಂಡ್ ಆಫ್ ಝೆಲ್ಡಾ' ಮೊದಲು ಬಂದಿದ್ದು 1986ರಲ್ಲಿ. ಅದನ್ನು ಮಾಡಿದ ಶಿಗೆರು ಮಿಯಾಮೊಟೊ ಇದೇ ಕ್ಯೋಟೋ ಸೀಮೆಯ ಸೊನೊಬೆಯವರು. ಚಿಕ್ಕವರಿದ್ದಾಗ ಊರಾಚೆ ಗುಡ್ಡದಲ್ಲಿ ಒಂದು ಗುಹೆ ಸಿಕ್ಕಿ, ಲಾಂದ್ರ ಹಿಡಿದು ಒಳಗೆ ಹೋಗಿದ್ದರಂತೆ, ಆ ಭಯ ಮತ್ತು ಕುತೂಹಲವನ್ನೇ ಆಟ ಮಾಡಿದರು. ಆಟ ಶುರುವಾದಾಗ ಹುಡುಗ ಬಯಲಲ್ಲಿ ನಿಂತಿರುತ್ತಾನೆ, ಕೈ ಖಾಲಿ. ಮೂರು ಕಡೆ ದಾರಿ, ಒಂದು ಕಪ್ಪು ಗುಹೆ. ಯಾರೂ ಏನೂ ಹೇಳುವುದಿಲ್ಲ. ಗುಹೆಯೊಳಗೆ ಹೋಗಿ ನೋಡಿದವನಿಗೆ ಕತ್ತಿ.

ಅದೇ ಸರಣಿಯಲ್ಲಿ 2017ರ ಮಾರ್ಚ್‌ನಲ್ಲಿ ಬಂದಿದ್ದು 'ಬ್ರೆತ್ ಆಫ್ ದಿ ವೈಲ್ಡ್'. ಕಣ್ಣಿಗೆ ಕಾಣುವ ಯಾವ ಬೆಟ್ಟವನ್ನಾದರೂ ಹತ್ತಬಹುದು, ಯಾವ ಕಡೆಯಿಂದಾದರೂ. ನಮ್ಮ ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವ ಹಾಗೇ ಅಕ್ಕ: ಕೋಟೆ ಬಾಗಿಲು ದಾಟಿ, ಕೊರೆದ ಗುಳಿಗಳಲ್ಲಿ ಕಾಲಿಟ್ಟು, ಕಂಬಿ ಹಿಡಿದು, ಉಸಿರು ಎಷ್ಟು ಉಳಿದಿದೆ ಅಂತ ನೋಡಿಕೊಳ್ಳುತ್ತಾ ಏರುತ್ತೇವಲ್ಲ, ಇಲ್ಲೂ ದಮ್ಮು ತೋರಿಸುವ ಹಸಿರು ಉಂಗುರ ಒಂದು ಕರಗುತ್ತಾ ಬರುತ್ತೆ. ಖಾಲಿಯಾಗುವ ಮುಂಚೆ ನಿಲ್ಲುವುದಕ್ಕೆ ಒಂದು ಚಾಚುಗಲ್ಲು ಹುಡುಕಿಕೊಳ್ಳಬೇಕು. ಮಳೆ ಬಂದರೆ ಬಂಡೆ ಜಾರುತ್ತೆ. ಸಿಡಿಲು ಬರುವ ಹೊತ್ತಿಗೆ ಬೆನ್ನ ಮೇಲೆ ಕಬ್ಬಿಣದ ಕತ್ತಿ ಇದ್ದರೆ ಅದರಿಂದ ಕಿಡಿ ಏಳತೊಡಗುತ್ತೆ, ತಕ್ಷಣ ಕಳಚಿಡಬೇಕು. ನಾನು ಒಂದು ಸಂಜೆ ಕತ್ತಿ ಕಳಚಿ ಶತ್ರುಗಳ ಗುಂಪಿನ ನಡುವೆ ಎಸೆದೆ. ಸಿಡಿಲು ಅಲ್ಲಿಗೇ ಬಡಿಯಿತು! ಅದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಿಡಿಲು ಲೋಹಕ್ಕೆ ಬಡಿಯುತ್ತೆ ಅನ್ನುವುದು ನನಗೆ ಗೊತ್ತು, ಆಟಕ್ಕೂ ಗೊತ್ತು, ಅಷ್ಟೇ.

ಅದರ ನಿರ್ದೇಶಕ ಹಿದೆಮಾರೊ ಫುಜಿಬಯಾಶಿ. ಆಟದೊಳಗಿನ ನಾಡು ಎಷ್ಟು ದೊಡ್ಡದಿರಬೇಕು ಅನ್ನುವ ಅಂದಾಜಿಗೆ ಅವರು ತಮಗೆ ಗೊತ್ತಿದ್ದ ಕ್ಯೋಟೋ ನಕ್ಷೆಯನ್ನೇ ಅದರ ಮೇಲೆ ಇಟ್ಟು ನೋಡಿದರಂತೆ, ಇಲ್ಲಿಂದ ಅಲ್ಲಿಗೆ ನಡೆದರೆ ಎಷ್ಟು ಹೊತ್ತು ಅಂತ. ಗುಡ್ಡಗಳನ್ನು ತ್ರಿಕೋನದ ಹಾಗೆ ನಿಲ್ಲಿಸಿ, ಹಿಂದಿರುವುದನ್ನು ಮರೆಮಾಡಿ, ಹತ್ತುವುದೋ ಬಳಸಿಕೊಂಡು ಹೋಗುವುದೋ ಅನ್ನುವುದನ್ನು ನಮಗೇ ಬಿಟ್ಟರು. ಅದರಲ್ಲಿ ಆಯುಧಗಳು ಬೇಗ ಮುರಿಯುತ್ತವೆ ಅಂತ ಬಹಳ ಜನ ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಮುರಿಯದ ಕತ್ತಿ ಒಂದು ಸಿಕ್ಕಿಬಿಟ್ಟಿದ್ದರೆ ಸಿಡಿಲು, ಉರುಳುವ ಬಂಡೆ, ಹುಲ್ಲಿಗೆ ಹಚ್ಚುವ ಬೆಂಕಿ ಇವುಗಳ ಕಡೆ ನಾನು ತಿರುಗಿಯೂ ನೋಡುತ್ತಿರಲಿಲ್ಲ. 2023ರಲ್ಲಿ ಬಂದ ಮುಂದಿನ ಭಾಗ ಇನ್ನೂ ದೊಡ್ಡದು, ಗಾಡಿ ದೋಣಿ ಎಲ್ಲ ನಾವೇ ಜೋಡಿಸಬಹುದು. ಆದರೂ ನನ್ನ ಓಟು ಹಳೆಯದಕ್ಕೇ.

'ಶ್ಯಾಡೋ ಆಫ್ ದಿ ಕೊಲೋಸಸ್' ಬೇರೆಯೇ ಜಾತಿ. 2005ರಲ್ಲಿ ಪ್ಲೇಸ್ಟೇಷನ್ 2 ಅನ್ನುವ ಆಟದ ಯಂತ್ರಕ್ಕೆ ಬಂದಿದ್ದು. ಮಾಡಿದವರು ಫುಮಿಟೊ ಉಎದಾ. ಸತ್ತುಹೋದ ಹುಡುಗಿಯನ್ನು ಬದುಕಿಸಿಕೊಳ್ಳಲು ಒಬ್ಬ ಹುಡುಗ ಕುದುರೆ ಏರಿ ಬರುತ್ತಾನೆ. 16 ದೈತ್ಯರನ್ನು ಕೊಲ್ಲಬೇಕು. ಆ ನಾಡಿನಲ್ಲಿ ಊರಿಲ್ಲ, ಜನವಿಲ್ಲ, ದಾರಿಯಲ್ಲಿ ಅಡ್ಡ ಬರುವ ಚಿಲ್ಲರೆ ರಾಕ್ಷಸರೂ ಇಲ್ಲ. ಕತ್ತಿಯನ್ನು ಬಿಸಿಲಿಗೆ ಎತ್ತಿ ಹಿಡಿದರೆ ಬೆಳಕಿನ ಎಳೆಗಳು ಒಂದು ಕಡೆ ಕೂಡುತ್ತವೆ, ಆ ದಿಕ್ಕಿಗೆ ಹೋಗಬೇಕು. ಹೋಗುವಾಗ ಸಂಗೀತವೂ ಇಲ್ಲ, ಗಾಳಿ ಮತ್ತು ಗೊರಸಿನ ಸದ್ದು ಮಾತ್ರ. ದೈತ್ಯ ಸಿಕ್ಕಮೇಲೆ ಅವನ ಕಾಲಿನ ರೋಮ ಹಿಡಿದು ಮೇಲೇರಬೇಕು, ಅವನು ಮೈ ಕೊಡವುತ್ತಾನೆ, ಕೈ ಸೋಲುತ್ತೆ. ಕೊನೆಗೆ ಅವನು ನಿಧಾನಕ್ಕೆ ಉರುಳಿದಾಗ ಗೆದ್ದವರಿಗೆ ಊದುವ ಕಹಳೆ ಕೇಳುವುದಿಲ್ಲ, ಯಾರದೋ ಸಾವಿನ ಮನೆಯ ರಾಗ ಕೇಳುತ್ತೆ. ಆ ದೈತ್ಯರಲ್ಲಿ ಕೆಲವರು ನಮ್ಮ ತಂಟೆಗೇ ಬಂದಿರುವುದಿಲ್ಲ. ಗೆಲ್ಲುತ್ತಾ ಹೋದಷ್ಟೂ ಹುಡುಗನ ಮುಖ ಕಪ್ಪಿಡುತ್ತೆ, ಮೈ ಬಾಡುತ್ತೆ.

ಆಟ ಅಂದರೆ ಬರೀ ಹೊಡಿ ಬಡಿ, ಮಕ್ಕಳ ಮನಸ್ಸು ಕಲ್ಲಾಗುತ್ತೆ ಅಂದೆಯಲ್ಲ, ನಿನಗೆ ಈ ಆಟವನ್ನು ತೋರಿಸಬೇಕು. ಹೊಡೆಯುವುದಕ್ಕೆ ಇಷ್ಟು ಬೆಲೆ ಇದೆ ಅಂತ ನನ್ನ ಕೈಯಲ್ಲೇ ಹೊಡೆಸಿ ಅರ್ಥ ಮಾಡಿಸಿದ್ದು ಇದೊಂದೇ. 2018ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಹೊಸದಾಗಿ ಮಾಡಿದರು, ಹುಲ್ಲಿನ ಎಸಳೆಸಳೂ ಕಾಣುತ್ತೆ, ಚೆಂದವೇ. ನನಗೆ ಮಾತ್ರ ಹಳೆಯದರ ಮಂಜು ಮಂಜು ಬೆಳಕೇ ಇಷ್ಟ. ಪುಟ್ಟನಿಗೆ ಈಗಲೇ ಬೇಡ, ಹೈಸ್ಕೂಲು ಮುಗಿಸಲಿ.

'ಜರ್ನಿ' ಅಂತ ಒಂದಿದೆ, 2012ರದ್ದು, ಎರಡು ಗಂಟೆಯಲ್ಲಿ ಮುಗಿಯುತ್ತೆ. ಮರಳುಗಾಡಿನಲ್ಲಿ ದೂರದ ಬೆಟ್ಟದ ಕಡೆ ನಡೆಯುವುದು. ನಡುವೆ ಇಂಟರ್ನೆಟ್ಟಿನಲ್ಲಿ ಯಾರೋ ಒಬ್ಬರು ಜೊತೆಯಾಗುತ್ತಾರೆ, ಹೆಸರು ಗೊತ್ತಾಗುವುದಿಲ್ಲ, ಮಾತಾಡುವ ಹಾಗಿಲ್ಲ, ಒಂದು ನಾದ ಹೊರಡಿಸಬಹುದು, ಅಷ್ಟೇ. ಅದನ್ನು ನಿನಗೂ ಆಡಿಸುತ್ತೇನೆ.

ಅಮ್ಮನಿಗೆ 'ಅನಿಮಲ್ ಕ್ರಾಸಿಂಗ್' ಹಿಡಿಸುತ್ತೆ ಅನ್ನಿಸುತ್ತೆ. ಗಿಡ ನೆಡುವುದು, ಮೀನು ಹಿಡಿಯುವುದು, ಅಕ್ಕಪಕ್ಕದವರಿಗೆ ಕಾಗದ ಬರೆಯುವುದು. ಗಡಿಯಾರದ ಹೊತ್ತಿಗೆ ಸರಿಯಾಗಿ ಅಲ್ಲೂ ಬೆಳಗು, ಸಂಜೆ, ಮಳೆಗಾಲ. ಅದನ್ನು ಹುಟ್ಟುಹಾಕಿದ ಕತ್ಸುಯಾ ಎಗುಚಿ ಚಿಬಾ ಪ್ರಾಂತದವರು. ನಿಂಟೆಂಡೊದಲ್ಲಿ ಕೆಲಸಕ್ಕೆ ಸೇರಿ ಈ ಕ್ಯೋಟೋಗೆ ಬಂದಾಗ ಮನೆಯವರು, ಸ್ನೇಹಿತರು ಎಲ್ಲ ಅಲ್ಲೇ ಉಳಿದು, ಒಂಟಿತನ ಕಾಡಿ, ಆ ಬಳಗವನ್ನೆಲ್ಲ ಮತ್ತೆ ಹೇಗೆ ಕಟ್ಟಿಕೊಳ್ಳಲಿ ಅನ್ನುವ ಯೋಚನೆಯಲ್ಲಿ ಅದು ಹುಟ್ಟಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಈ ಊರಿಗೆ ಬಂದ ಹೊಸದರಲ್ಲಿ ಅದನ್ನು ಓದಿ ನನಗೆ ಎಷ್ಟು ಹತ್ತಿರವಾಯಿತು ಅಂತ ನಿನಗೆ ಬೇರೆ ಹೇಳಬೇಕಾಗಿಲ್ಲ.

ಪುಟ್ಟನಿಗೆ ಖಂಡಿತ ಬೇಡ ಅನ್ನುವುದು ಒಂದೇ: ದುಡ್ಡು ಕಟ್ಟಿ ಮುಚ್ಚಿದ ಪೆಟ್ಟಿಗೆ ಕೊಂಡು, ಒಳಗೆ ಏನು ಬರುತ್ತೋ ಅಂತ ಅದೃಷ್ಟ ನೋಡುವ ಆಟಗಳು. ಬೆಲ್ಜಿಯಂ ದೇಶ 2018ರಲ್ಲೇ ಅದು ಜೂಜು ಅಂತ ಹೇಳಿಬಿಟ್ಟಿತು. ಅಂಥವು ಮುಗಿಯುವುದೇ ಇಲ್ಲ, ಮುಗಿಯಬಾರದು ಅಂತಲೇ ಮಾಡಿರುತ್ತಾರೆ. ಅವನ ಫೋನಿನಲ್ಲಿ ಇದ್ದರೆ ಇವತ್ತೇ ತೆಗೆಸು.

ನಮ್ಮವರು ಮಾಡಿದ್ದೂ ಇದೆ. ಪುಣೆಯ ಹುಡುಗರು 2020ರಲ್ಲಿ 'ರಾಜಿ' ಅಂತ ಮಾಡಿದರು, ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕಿಕೊಂಡು ಹೋಗುವ ಅಕ್ಕನ ಕಥೆ. ಬಹಳ ಚಿಕ್ಕದಾಯಿತು, ಕಾದಾಟದಲ್ಲೂ ಒರಟಿದೆ, ಆದರೆ ಆ ಕೋಟೆಗಳು, ಜಾಲಂದ್ರಗಳು, ಗೋಡೆ ಮೇಲಿನ ಚಿತ್ರಗಳು ಕಣ್ಣು ತುಂಬುತ್ತವೆ. ಪುಟ್ಟ ದೊಡ್ಡವನಾಗಿ ನಮ್ಮ ಕಡೆಯ ಕೋಟೆ ಬೆಟ್ಟಗಳನ್ನು ಹೀಗೊಂದು ಆಟಕ್ಕೆ ತರಲಿ ಅಂತ ನನಗೆ ಆಸೆ.

ಯಂತ್ರದ ವಿಷಯ. ನಿಂಟೆಂಡೊ ಸ್ವಿಚ್ ತರುತ್ತೇನೆ, ಹಬ್ಬಕ್ಕೆ ಬರುವಾಗ. ಒಂದನ್ನು ಕೊಂಡರೆ ಅದರಲ್ಲೇ ಎರಡು ಪುಟ್ಟ ರಿಮೋಟ್ ಇರುತ್ತೆ, ಇಬ್ಬರು ಆಡಬಹುದು, ಕರೆಂಟ್ ಹೋದರೆ ಕೈಯಲ್ಲಿ ಹಿಡಿದೂ ಆಡಬಹುದು. 2025ರಲ್ಲಿ ಸ್ವಿಚ್ 2 ಬಂದಿದೆ, ಆದರೆ ಅದು ಬಂದಾಗ ಇಲ್ಲಿ ಅಗ್ಗಕ್ಕೆ ಮಾರಿದ್ದು ಜಪಾನಿ ಭಾಷೆಗೆ ಮಾತ್ರ ಕಟ್ಟಿಹಾಕಿದ್ದು, ಎಲ್ಲ ಭಾಷೆಯದಕ್ಕೆ 20,000 ಯೆನ್ ಜಾಸ್ತಿ ಇತ್ತು. ಹಳೆಯದೇ ಸಾಕು. ಅದರ ಚಾರ್ಜರ್ 100ರಿಂದ 240 ವೋಲ್ಟ್‌ವರೆಗೆ ತಡೆಯುತ್ತೆ, ನಮ್ಮ ಕರೆಂಟಿಗೆ ತೊಂದರೆಯಿಲ್ಲ. ಪಿನ್ನು ಮಾತ್ರ ಬೇರೆ, ಭಾವನವರು ತುಮಕೂರಿಗೆ ಹೋದಾಗ ಚಪ್ಪಟೆ ಎರಡು ಪಿನ್ನು ಕೂರುವ ಅಡಾಪ್ಟರ್ ಒಂದು ತರಲಿ.

ದಿನಕ್ಕೆ ಎಷ್ಟು ಹೊತ್ತು ಅನ್ನುವುದು ನಿನ್ನ ಮಾತೇ ಕೊನೆ, ನಾನು ಅಡ್ಡ ಬರುವುದಿಲ್ಲ. ಹೋಮ್‌ವರ್ಕ್ ಆದಮೇಲೆ, ಹಜಾರದ ಟಿವಿಯಲ್ಲಿ, ಎಲ್ಲರ ಎದುರಿಗೆ ಆಡಲಿ. ಮೊದಲ ವಾರವಾದರೂ ಎರಡನೇ ರಿಮೋಟ್ ನೀನು ಹಿಡಿ. ಯಾವ ದಾರಿ ಅಂತ ಅವನು ಕೇಳಿದರೆ ಹೇಳಿಕೊಡಬೇಡ, ಸುಮ್ಮನೆ ಜೊತೆಗೆ ಕೂತಿರು.

ಟಿವಿಯ ಹಿಂದೆ ಎಚ್‌ಡಿಎಂಐ ಅಂತ ಬರೆದಿರುವ ಕಿಂಡಿ ಎಷ್ಟಿವೆ, ಸೆಟ್ ಟಾಪ್ ಬಾಕ್ಸಿಗೆ ಹೋಗಿ ಒಂದಾದರೂ ಖಾಲಿ ಉಳಿಯುತ್ತಾ ಅಂತ ಪುಟ್ಟನ ಕೈಲಿ ಫೋಟೋ ತೆಗೆಸಿ ಕಳಿಸು. ಅಪ್ಪ ಅಮ್ಮನಿಗೆ, ಭಾವನವರಿಗೆ ನನ್ನ ನಮಸ್ಕಾರ, ಪುಟ್ಟನಿಗೆ ಮುತ್ತು.

ಇಂತಿ ನಿನ್ನ ಪ್ರೀತಿಯ
ತಮ್ಮ