ಮಗಳಿಗೊಂದು ಪತ್ರ: ಶನಿವಾರ ಸ್ಕೂಲಿಗೆ ಬರೋಕ್ಕಿಂತ ಮುಂಚೆ ಓದ್ಬಿಡು

ಪುಟ್ಟಿ,

ಫೋನ್ ಎತ್ತಲ್ಲ ಅಂತ ಗೊತ್ತು, ಅದಕ್ಕೇ ಟೈಪ್ ಮಾಡ್ತಾ ಇದೀನಿ. ನಿನ್ನೆ ನೀನು ಪಟ್ ಅಂತ ಕಟ್ ಮಾಡಿದ್ಮೇಲೆ ನಿಮ್ಮಪ್ಪ ಟಿವಿ ಮೇಲಿಂದ ಕಣ್ಣು ಕೂಡ ತೆಗೀದೆ "ಕರ್ದೋಳೂ ನೀನೇ, ಬೇಡ ಅನ್ನೋಳೂ ನೀನೇ" ಅಂದ್ರು. ನಾನೆಲ್ಲಿ ಬೇಡ ಅಂದೆ? ಬರ್ಲೇಬೇಕು ನೀನು, ನಿನ್ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಕೆಲ್ಸ, ಅಂದ್ರೆ ಪಾರ್ಕು, ಕೆರೆ ಅಂಚು, ಅಂಗಳ ಡಿಸೈನ್ ಮಾಡೋದು ಏನು ಅಂತ ನಮ್ ಸ್ಕೂಲ್ ಮಕ್ಳಿಗೆ ಹೇಳೋಕೆ. ಹೆಚ್ಚೆಮ್ಮು ನೋಟಿಸ್ ಬೋರ್ಡಲ್ಲಿ ಬರ್ಸಿ ಆಗಿದೆ, ಕ್ಲಸ್ಟರ್‌ನ ಬೇರೆ ಸ್ಕೂಲ್ ಮೇಷ್ಟ್ರುಗಳೂ ಬರ್ತಾರೆ. "ಗಾರ್ಡನ್ ಕೆಲ್ಸ ಅಂತ ಸಿಂಪಲ್ಲಾಗಿ ಹೇಳ್ಬಿಡು, ಹುಡುಗೀರ ತಲೆ ಕೆಡಿಸ್ಬೇಡ" ಅಂದಿದ್ದಕ್ಕೆ ಸಾರಿ ಕಣೇ. ಆದ್ರೆ ಯಾಕಂದೆ ಅಂತ ಹೇಳೋಕೆ ನೀನು ಬಿಡ್ಲಿಲ್ಲ. ಪಿಯುಸಿ ಟೈಮಲ್ಲಿ ಆಗಿದ್ದೆಲ್ಲ ಈಗ ಬೇಡ, ನಿಂಗೂ ಗೊತ್ತು ನಂಗೂ ಗೊತ್ತು.

ನೀನು ಕಳ್ಸಿದ ಪಿಪಿಟಿ ಪೂರ್ತಿ ನೋಡ್ದೆ. ಚೆನ್ನಾಗಿದೆ, ಬೆಂಗ್ಳೂರಲ್ಲಾದ್ರೆ. ಮೊದಲ್ನೇದೇ ನ್ಯೂಯಾರ್ಕ್ ಸೆಂಟ್ರಲ್ ಪಾರ್ಕು, ಅದನ್ನ ಡಿಸೈನ್ ಮಾಡಿದೋರಲ್ಲಿ ಒಬ್ರಾದ ಓಮ್‌ಸ್ಟೆಡ್ಡು, 1858 ಅಂತ ಇದೆ. ನಮ್ ಮಕ್ಳು ಲಾಲ್‌ಬಾಗ್ ನೋಡಿರೋದೇ ಪ್ರವಾಸದ ಬಸ್ಸಲ್ಲಿ ಹೋಗಿ, ಗಾಜಿನ ಮನೆ ಮುಂದೆ ಸಾಲಾಗಿ ನಿಂತು ಫೋಟೋ ತೆಗ್ಸಿಕೊಂಡು ಬಂದು. ಅಲ್ಲಿಂದಾನೇ ಶುರು ಮಾಡು. 1908ರಲ್ಲಿ ಬೆಂಗ್ಳೂರಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವ್ರು ಒಂದು ಜಾತಿ ಮರ ಹೂ ಉದುರ್ಸೋ ಹೊತ್ತಿಗೆ ಇನ್ನೊಂದು ಜಾತಿ ಬಿಡೋ ಹಾಗೆ ಮರ ಆರ್ಸಿ ನೆಡ್ಸಿದ್ರು ಅಂತ ನೀನೇ ನಂಗೆ ಹೇಳಿದ್ದು, ಕಬ್ಬನ್ ಪಾರ್ಕಲ್ಲಿ ನಡೀತಾ. ಕೆಆರ್‌ಎಸ್ ಬೃಂದಾವನಾನೂ ಅಷ್ಟೇ, ಮಿರ್ಜಾ ಇಸ್ಮಾಯಿಲ್ ಅವ್ರು ದಿವಾನರಾಗಿದ್ದಾಗ ಆಗಿದ್ದು ಅಂತ ನಾವು ಮಾರ್ಕ್ಸಿಗೋಸ್ಕರ ಹೇಳ್ಕೊಡ್ತೀವಿ, ಆ ಮೆಟ್ಲು ಮೆಟ್ಲಾದ ಇಳಿಜಾರಲ್ಲಿ ನೀರು ಹೇಗ್ ಹರೀಬೇಕು ಅಂತ ಯಾರೋ ಕೂತು ಲೆಕ್ಕ ಹಾಕಿರ್ತಾರೆ ಅಂತ ಯಾವ ಮೇಷ್ಟ್ರು ಹೇಳ್ತಾರೆ? ಕಾರಂಜಿ ತೋರ್ಸಿ, ಬಿಸ್ಕೆಟ್ ಹಂಚಿ, ಬಸ್ ಹತ್ಸೋದು. ದೆಹಲಿ ಸುಂದರ್ ನರ್ಸರಿ ಪಾರ್ಕಿಂದು ಇರ್ಲಿ, ಅದನ್ನ ಡಿಸೈನ್ ಮಾಡಿದ ಮೊಹಮ್ಮದ್ ಶಹೀರ್ ಅವ್ರ ಹೆಸ್ರೂ ಇರ್ಲಿ, ನಮ್ ದೇಶದವ್ರೂ ಈ ಕೆಲ್ಸ ಮಾಡ್ತಾರೆ ಅಂತ ಗೊತ್ತಾಗ್ಲಿ. ಮಿಕ್ಕಿದ್ದು ತೆಗಿ. ಕರೆಂಟ್ ಬೇರೆ ನಂಬಂಗಿಲ್ಲ.

ಮಕ್ಳನ್ನ ಹೊರಗೆ ಕರ್ಕೊಂಡೋಗು. ಗೇಟ್ ಹತ್ರ ರ‍್ಯಾಂಪ್ ಇದೆ ನೋಡು, ಅಲ್ಲಿಗೆ. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು ಅಂತ ನೀನು ಹೇಳಿದ್ಯಲ್ಲ, ನಮ್ದು ಎರಡಡಿ ಎತ್ತರ, ಉದ್ದ ಆರಡಿ ಇದ್ರೆ ಹೆಚ್ಚು. ಕಟ್ಟಿದೋರು ಯಾರೂ ಅಂತ ಬೇಡ. ವೀಲ್‌ಚೇರ್ ಮೇಲೆ ಬರೋ ಹುಡುಗ ಒಬ್ಬ ಇದಾನೆ ಎಂಟನೇ ಕ್ಲಾಸಲ್ಲಿ, ದಿನಾ ಇಬ್ರು ಹುಡುಗ್ರು ಹಿಂದಿನಿಂದ ತಳ್ತಾರೆ, ಇಳೀವಾಗ ಮುಂದಿನಿಂದ ಹಿಡ್ಕೋತಾರೆ. ಮಕ್ಳ ಕೈಲಿ ಟೇಪ್ ಕೊಟ್ಟು ಅಳೆಸು. ಅನುಪಾತ ಅಂತ ನಮ್ ಮ್ಯಾಥ್ಸ್ ಮೇಷ್ಟ್ರು ಬೋರ್ಡ್ ಮೇಲೆ ಮಾಡೋದಕ್ಕೂ ಇದಕ್ಕೂ ಏನ್ ಸಂಬಂಧ ಅಂತ ಅವ್ರೇ ಬಂದು ನೋಡ್ಲಿ.

ಆಮೇಲೆ ಬಿಸಿಯೂಟದ ಕೋಣೆ ಮುಂದೆ ಮಳೆ ಬಂದಾಗೆಲ್ಲ ನೀರು ನಿಲ್ಲತ್ತಲ್ಲ, ಅದು. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು, ಹಾಗಾದ್ರೆ 200 ಚದರ ಮೀಟರ್ ಸೂರಿಗೆ 10 ಮಿಲಿಮೀಟರ್ ಬಿದ್ರೆ 2000 ಲೀಟರ್. ಅಷ್ಟೂ ಆ ಮೂಲೆಗೇ ಬರತ್ತೆ, ನಮ್ ಗಿಡಗಳಿಗೆ ನೋಡಿದ್ರೆ ಬಿಂದಿಗೆಲಿ ಹೊತ್ತು ಹಾಕ್ತೀವಿ. ಪ್ರತಿ ಜೂನು ಪರಿಸರ ದಿನಕ್ಕೆ ಬಾವುಟದ ಕಟ್ಟೆ ಪಕ್ಕದ ಅದೇ ಗುಂಡೀಲಿ ಸಸಿ ನೆಡ್ತೀವಿ, ಫೋಟೋ ಗ್ರೂಪಿಗೆ ಹಾಕ್ತೀವಿ, ದಸರಾ ರಜೆ ಮುಗಿಯೋಷ್ಟ್ರಲ್ಲಿ ಒಣಗಿರತ್ತೆ, ಮುಂದಿನ ವರ್ಷಕ್ಕೆ ಗುಂಡಿ ರೆಡಿ. ಕಟ್ಟಡ ಕಟ್ದಾಗ ಮಿಕ್ಕಿದ ಜಲ್ಲಿ ಸಿಮೆಂಟು ಸುರ್ದಿರೋ ಜಾಗ ಅದು ಅಂತ ನೀನು ಹೋದ್ಸಲ ಕಾಲಲ್ಲಿ ಕೆರೆದು ತೋರ್ಸಿದೆ. ಅದನ್ನ ಮಕ್ಳ ಮುಂದೆ ಅಗೆದು ತೋರ್ಸು, ಮೇಷ್ಟ್ರುಗಳ ಮುಂದೆ ಇನ್ನೂ ಚೆನ್ನಾಗಿ ತೋರ್ಸು.

ಈಗ ನನ್ ಭಯ.

ಒಂಬತ್ತನೇ ಕ್ಲಾಸಲ್ಲಿ ಒಬ್ಳು ಹುಡುಗಿ ಇದಾಳೆ. ಹೆಸರು ಬರ್ಯಲ್ಲ, ನೋಡಿದ್ರೆ ನಿಂಗೇ ಗೊತ್ತಾಗತ್ತೆ. ರಫ್ ನೋಟಿನ ಹಿಂದೆ ಊರಿನ ಕೆರೆ ಬರ್ದಿದಾಳೆ, ಸುಮ್ನೆ ನೀಲಿ ಬಳ್ದಿಲ್ಲ, ಏರಿ ಎಲ್ಲಿ, ತೂಬೆಲ್ಲಿ, ಕೋಡಿ ಬಿದ್ರೆ ನೀರು ಯಾರ ತೋಟಕ್ಕೆ ಹೋಗತ್ತೆ ಅಂತ ಬಾಣ ಹಾಕಿದಾಳೆ. ಅಪ್ಪ ಗಾರೆ ಕೆಲ್ಸ. ನೀನು ಬಂದು ಮಾತಾಡಿದ್ರೆ ಅವ್ಳು ನಂಬ್ತಾಳೆ. ಉಳಿದೋರು ಚಪ್ಪಾಳೆ ತಟ್ಟಿ ಮನೆಗೋಗ್ತಾರೆ, ಅವ್ಳು ಮಾತ್ರ ಸೋಮವಾರ ನನ್ ಟೇಬಲ್ ಮುಂದೆ ನಿಂತಿರ್ತಾಳೆ. ಬಿ.ಆರ್ಕ್, ಅಂದ್ರೆ ಆರ್ಕಿಟೆಕ್ಚರ್ ಡಿಗ್ರಿ, ಐದು ವರ್ಷ, ಅದ್ರ ಮೇಲೆ ಲ್ಯಾಂಡ್‌ಸ್ಕೇಪ್ ಮಾಸ್ಟರ್ಸ್ ಎರಡು ವರ್ಷ, ಪಿಯುಸಿ ಸೇರ್ಸಿದ್ರೆ ಒಂಬತ್ತು ವರ್ಷ ಕಣೇ. ಅವ್ರ ಮನೇಲಿ ಒಂಬತ್ತು ವರ್ಷ ಹುಡುಗೀನ ಯಾರು ಕಾಯ್ತಾರೆ?

ನಂಗೆ ಪದೇ ಪದೇ ನಿನ್ ಮಾಡೆಲ್ಲೇ ಕಣ್ಮುಂದೆ ಬರತ್ತೆ. ಮೂರನೇ ವರ್ಷದ್ದು. ಮೌಂಟ್ ಬೋರ್ಡ್ ಒಂದೊಂದೇ ಪದರ ಕತ್ತರ್ಸಿ ಅಂಟ್ಸಿ ಗುಡ್ಡ ಮಾಡಿದ್ದೆ, ಮರಕ್ಕೆ ಸ್ಪಂಜ್ ತರಕ್ಕೆ ದುಡ್ಡಿಲ್ದೆ ಮನೇಲಿ ಕಾಯಿ ಸುಲಿದ ನಾರನ್ನ ಬಣ್ಣದ ನೀರಲ್ಲಿ ಅದ್ದಿ ಒಣಗ್ಸಿ ಪುಟ್ಪುಟ್ಟ ಮರ ಮಾಡಿದ್ವಿ, ನಿಮ್ಮಪ್ಪನೂ ಕೂತು ಉಂಡೆ ಕಟ್ಟಿದ್ರು. ತಿಪಟೂರಿಂದ ಬೆಂಗ್ಳೂರವರ್ಗೂ ನನ್ ತೊಡೆ ಮೇಲೆ ಇಟ್ಕೊಂಡು ಬಂದಿದ್ದು. ಕಂಡಕ್ಟರ್ ಲಗೇಜ್ ಟಿಕೆಟ್ ತಗೊಳಿ ಅಂದ. ಗುಬ್ಬೀಲಿ ಹತ್ತಿದೋರು ಅದ್ರ ಮೇಲೆ ಚೀಲ ಇಡಕ್ಕೆ ಬಂದ್ರು. ತುಮಕೂರು ದಾಟೋಷ್ಟ್ರಲ್ಲಿ ಕಾಲು ಜೋಮು ಹಿಡಿದು ಹೋಗಿತ್ತು, ನೀನು ಪಕ್ದಲ್ಲಿ ನಿದ್ದೆ, ಹಿಂದಿನ ರಾತ್ರಿ ಮಲ್ಗಿರ್ಲಿಲ್ವಲ್ಲ. ನೆಲಮಂಗಲದ ಹತ್ರ ಬ್ರೇಕ್ ಹಾಕಿದಾಗ ನಾಲ್ಕೈದು ಮರ ಬಿದ್ದೋದ್ವು, ನಿನ್ನ ಎಬ್ಬಿಸ್ಲಿಲ್ಲ, ಬ್ಯಾಗಲ್ಲಿದ್ದ ಫೆವಿಕಾಲ್ ತೆಗೆದು ನಾನೇ ಅಂಟ್ಸಿದೆ, ಎಲ್ಲೆಲ್ಲಿತ್ತೋ ನಂಗೇನ್ ಗೊತ್ತು. ಆಮೇಲೆ ನಿಮ್ ಮೇಷ್ಟ್ರು ಆ ಮರಗಳು ಯಾಕೆ ದಾರಿ ಮಧ್ಯೆ ಇದಾವೆ ಅಂತ ಕೇಳಿದ್ರಂತಲ್ಲ!

ನಂಗೆ ಸಂಬಳ ಇತ್ತು, ರಜೆ ಹಾಕಿ ನಿನ್ ಜೊತೆ ಬಸ್ಸಲ್ಲಿ ಬರೋಕಾಯ್ತು. ಆ ಹುಡುಗಿ ಮಾಡೆಲ್ ಯಾರ ತೊಡೆ ಮೇಲೆ ಬರತ್ತೆ? ಅವ್ರಮ್ಮ ಒಂದಿನ ರಜೆ ಹಾಕಿದ್ರೆ ಒಂದಿನದ ಕೂಲಿ ಹೋಯ್ತು. ಇದನ್ನೇ ರಾತ್ರಿಯೆಲ್ಲ ಯೋಚ್ನೆ ಮಾಡ್ತಿದ್ದೆ, ಅದು ನಿನ್ ಮುಂದೆ "ತಲೆ ಕೆಡಿಸ್ಬೇಡ" ಅಂತ ಬಾಯಿಗೆ ಬಂತು.

ಹಾಗಂತ ಹೇಳ್ಬೇಡ ಅಂತಲ್ಲ. ಪೂರ್ತಿ ಹೇಳು. ನಿಮ್ಮಂಥೋರು ಕರಿಯರ್ ಗೈಡೆನ್ಸ್‌ಗೆ ಬಂದ್ರೆ "ನಿಮ್ಮ ಕನಸನ್ನು ಬೆನ್ನತ್ತಿ" ಅಂತ ಭಾಷಣ ಮಾಡಿ ಹೋಗ್ತೀರ, ಕಾಂಬಿನೇಷನ್ ಬಗ್ಗೆ ಒಂದ್ ಮಾತು ಬರಲ್ಲ. ಪಿಯುಸೀಲಿ ಫಿಸಿಕ್ಸು ಮ್ಯಾಥ್ಸು ಇಲ್ದಿದ್ರೆ ಬಿ.ಆರ್ಕ್ ಇಲ್ಲ, ಇದನ್ನ ಬೋರ್ಡ್ ಮೇಲೆ ದೊಡ್ಡದಾಗಿ ಬರಿ. ನಮ್ ಹುಡುಗೀರು ಎಸ್ಸೆಸ್ಸೆಲ್ಸಿ ಆದ ತಕ್ಷಣ ಮ್ಯಾಥ್ಸ್ ಕೈಬಿಡ್ತಾರೆ, ಆಮೇಲೆ ಎಷ್ಟು ಚೆನ್ನಾಗಿ ಡ್ರಾಯಿಂಗ್ ಬಂದ್ರೂ ಏನ್ ಪ್ರಯೋಜನ. ಆರ್ಕಿಟೆಕ್ಚರ್ ಸೇರೋಕೆ ನಾಟಾ ಪರೀಕ್ಷೆ ಅಂತ ಬೇರೇನೇ ಇದೆ, ಬರೀ ಸಿಇಟಿ ಬರೆದ್ರೆ ಸಾಲಲ್ಲ, ಸೇರೋ ಕಾಲೇಜಿಗೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಮಾನ್ಯತೆ ಇದ್ಯಾ ಅಂತ ನೋಡ್ಕೋಬೇಕು, ಇದೆಲ್ಲ ಮಕ್ಳಿಗಿಂತ ಮೇಷ್ಟ್ರುಗಳಿಗೆ ಹೇಳು, ಮಕ್ಳು ಬಂದು ಕೇಳೋದು ಅವ್ರನ್ನೇ. ಗಿಡ ಬೆಳ್ಸೋದೇ ಇಷ್ಟ, ಬಯಾಲಜಿನೇ ಇಷ್ಟ ಅನ್ನೋ ಮಗು ಇದ್ರೆ ಬಿ.ಎಸ್ಸಿ ತೋಟಗಾರಿಕೆ ಇದೆ, ಬಾಗಲಕೋಟೆ ವಿಶ್ವವಿದ್ಯಾಲಯ ಇದೆ, ಅದು ಬೇರೆ ದಾರಿ, ಅದೂ ಒಳ್ಳೇ ದಾರೀನೇ ಅಂತ ಹೇಳು. ಮೂಗು ಮುರೀಬೇಡ, ನಿಂಗೆ ಆ ಅಭ್ಯಾಸ ಇದೆ.

ಸಂಬಳ ಎಷ್ಟು ಅಂತ ಕೇಳೇ ಕೇಳ್ತಾರೆ. ನಮ್ ಸಮಾಜ ಮೇಷ್ಟ್ರು ಮೊದಲ್ನೇ ಪ್ರಶ್ನೆನೇ ಅದು ಕೇಳೋದು. ಸಿಟ್ಟಾಗ್ಬೇಡ, ನಿಜ ಹೇಳು, ಮೊದಲ ಎರಡು ವರ್ಷ ಮನೆಯಿಂದ ದುಡ್ಡು ತರಿಸ್ಕೊಂಡೆ ಅಂತಾನೂ ಹೇಳು. ಈಗ ಕೆರೆ ಅಂಚಲ್ಲಿ ಯಾವ ಹುಲ್ಲು ನಿಲ್ಲತ್ತೆ, ಆಸ್ಪತ್ರೆ ಅಂಗಳದಲ್ಲಿ ನೆರಳು ಎಲ್ಲಿ ಬೀಳ್ಬೇಕು ಅಂತ ಇಂಜಿನಿಯರ್‌ಗಳು ನಿನ್ನ ಕೇಳ್ತಾರಲ್ಲ, ಅದನ್ನ ನೀನು ಹೇಳ್ಕೊಳಲ್ಲ, ನಾನೇ ಎದ್ದು ಹೇಳ್ತೀನಿ ಆವತ್ತು. ನಾಚ್ಕೊಂಡು ಕಣ್ಸನ್ನೆ ಮಾಡ್ಬೇಡ. ಮತ್ತೆ ಸೈಟಿಗೆ ಹೋಗುವಾಗ ಟೋಪಿ ಹಾಕ್ಕೋ, ಕತ್ಲಾದ್ಮೇಲೆ ಒಬ್ಳೇ ನಿಲ್ಬೇಡ, ಆ ಕಂಟ್ರಾಕ್ಟರ್ ಇನ್ನೂ "ಮೇಡಂ ಸಾರ್‌ನ ಕಳ್ಸಿ" ಅಂತಾನಾ? ಮದ್ವೆ ವಿಷ್ಯ ಎತ್ತಲ್ಲ ಅಂದಿದ್ದೆ, ಎತ್ತಲ್ಲ.

ಆ ಹುಡುಗಿ ವಿಷ್ಯಕ್ಕೆ ಬಾ. ಅವ್ರಪ್ಪಂದು ಲೇಬರ್ ಕಾರ್ಡ್ ಮಾಡ್ಸಿದ್ರೆ ಕಟ್ಟಡ ಕಾರ್ಮಿಕರ ಮಂಡಳಿಯಿಂದ ಮಕ್ಳ ಓದಿಗೆ ಸಹಾಯಧನ ಬರತ್ತೆ, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಇದೆ, ಅರ್ಜಿ ತುಂಬ್ಸೋದು ನಾನು ನೋಡ್ಕೋತೀನಿ, ರಿಟೈರ್ ಆಗೋಕಿನ್ನೂ ಟೈಮಿದೆ. ನೀನು ಮಾಡ್ಬೇಕಾಗಿರೋದು ಒಂದೇ. ಅವ್ಳ ಹತ್ರ ಮಾತಾಡೋಕ್ಕಿಂತ ಮುಂಚೆ ಅವ್ರಪ್ಪನ ಹತ್ರ ಮಾತಾಡು. ಗಾರೆಯವ್ರು ಮಟ್ಟ ನೋಡೋಕೆ ಪೈಪಲ್ಲಿ ನೀರು ತುಂಬ್ಸಿ ಹಿಡೀತಾರಲ್ಲ, ಟ್ಯೂಬ್ ಲೆವೆಲ್ಲು, ಅದನ್ನ ತಗೊಂಡು ಬನ್ನಿ ಅಂತ ಹೇಳ್ಕಳ್ಸಿದೀನಿ. ಒಂದು ತುದಿ ಗೇಟಲ್ಲಿ ಅವ್ರು ಹಿಡೀಲಿ, ಇನ್ನೊಂದು ತುದಿ ಅವ್ಳು ಹಿಡ್ಕೊಂಡು ಮೂಲೆ ಮೂಲೆಗೂ ಹೋಗ್ಲಿ, ಪೈಪ್ ಸಾಲ್ದಿದ್ರೆ ನಡುವೆ ನಡುವೆ ಗುರುತು ಹಾಕ್ಕೊಂಡು ಮುಂದಕ್ಕೆ ಹೋಗ್ಲಿ, ನೆಲ ಎಷ್ಟು ಇಳ್ದಿದೆ ಅಂತ ನೀನು ಹಾಳೆ ಮೇಲೆ ಗೆರೆ ಎಳಿ. ಈ ಓದಿನ ಮೊದಲ್ನೇ ಪಾಠ ತನ್ ಕೈಲೇ ಇದೆ ಅಂತ ಅವ್ರಿಗೆ ಅನ್ಸಿದ್ರೆ ನನ್ ಕೆಲ್ಸ ಅರ್ಧ ಆಯ್ತು. ಶನಿವಾರ ಬಟವಾಡೆ ದಿನ, ಮೇಸ್ತ್ರಿ ಬಿಡ್ತಾನೋ ಇಲ್ವೋ ಗೊತ್ತಿಲ್ಲ. ಹತ್ತು ಗಂಟೆವರ್ಗೂ ಕಾಯೋಣ, ಬರ್ದಿದ್ರೆ ಸಂಜೆ ಅವ್ರ ಮನೆಗೇ ಹೋಗೋಣ, ಅದಕ್ಕೇ ಭಾನುವಾರ ವಾಪಸ್ ಹೋಗೋ ಹಾಗೆ ಟಿಕೆಟ್ ಮಾಡ್ಸು.

ಆಫೀಸಲ್ಲಿ ಎಸ್ಯೋ ಹಳೇ ಡ್ರಾಯಿಂಗ್ ಶೀಟ್ ಇದ್ರೆ ಸುತ್ತಿ ತಗೊಂಡ್ ಬಾ, ಹಿಂದ್ಗಡೆ ಖಾಲಿ ಇರತ್ತೆ, ಮಕ್ಳು ಬರೀತಾರೆ. ಓದಿದ್ಮೇಲೆ ಒಂದು ಥಮ್ಸ್‌ಅಪ್ ಆದ್ರೂ ಹಾಕು.

ಅಮ್ಮ