ಅಪ್ಪ, ಅಮ್ಮ, ಬರುವ ಸೆಪ್ಟೆಂಬರ್‌ನಲ್ಲಿ ಬನ್ನಿ

ಪೋರ್ಟ್‌ಲ್ಯಾಂಡ್, ಒರೆಗಾನ್

ಪ್ರೀತಿಯ ಅಪ್ಪನಿಗೂ ಅಮ್ಮನಿಗೂ ನಮಸ್ಕಾರಗಳು.

ನಾವೆಲ್ಲ ಕ್ಷೇಮವಾಗಿದ್ದೇವೆ. ಫೋನಿನಲ್ಲಿ ಏನಾದರೂ ವಿವರವಾಗಿ ಹೇಳಹೊರಟರೆ ಪುಟ್ಟ ನಡುವೆ ಬಂದು ಮಾತು ಕಸಿದುಕೊಳ್ಳುತ್ತಾನೆ. ಅಮ್ಮ, ಆಮೇಲೆ ನೀನೂ ಅವನ ಜೊತೆಗೇ ಹೋಗಿಬಿಡುತ್ತೀ. ಅದಕ್ಕೇ ಈ ಸಲ ಕಾಗದ ಬರೆಯುತ್ತಿದ್ದೇನೆ.

ಅಮೆರಿಕಕ್ಕೆ ಬನ್ನಿ ಎಂದು ಕರೆದಾಗಲೆಲ್ಲ ನೀವಿಬ್ಬರೂ ಹೇಳುವ ಕಾರಣಗಳು ನನಗೆ ಬಾಯಿಪಾಠವಾಗಿವೆ. ಅಪ್ಪನಿಗೆ ಮಂಡಿನೋವು, ಕಾರಿನಲ್ಲಿ ಕಾಲು ಮಡಚಿ ದಿನವಿಡೀ ಕೂರಲಾಗದು. ಅಮ್ಮನಿಗೆ ಹೊರಗಿನ ಊಟ ಒಗ್ಗದು, ದಾರಿಯಲ್ಲಿ ಶೌಚಾಲಯದ ಚಿಂತೆ. ಇವೆಲ್ಲ ಸುಳ್ಳು ನೆಪಗಳಲ್ಲ ಎಂದು ನನಗೆ ಗೊತ್ತು. ಆದ್ದರಿಂದ ನಾನೂ ಇವರೂ ಸೇರಿ ಒಂದು ಆರ್‌ವಿ, ಅಂದರೆ ಒಳಗೇ ಅಡುಗೆ ಮಾಡಿ ಮಲಗಬಹುದಾದ ಮನೆಗಾಡಿ, ಬಾಡಿಗೆಗೆ ಪಡೆದು, ನಿಮ್ಮನ್ನು ಕರೆದೊಯ್ಯಬೇಕೆಂದಿರುವ ಕಡಲ ದಾರಿಯಲ್ಲೇ ಹೋಗಿ ನೋಡಿದೆವು. ಲಿಂಕನ್ ಸಿಟಿಯಿಂದ ಫ್ಲಾರೆನ್ಸ್‌ವರೆಗಿನ ಒಂದು ದಿನದ ಕಥೆಯನ್ನು ಮಾತ್ರ ಬರೆಯುತ್ತೇನೆ. ದೂರ ಸುಮಾರು 120 ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮ ಹೊನ್ನಾವರದಿಂದ ಉಡುಪಿಗೆ ಇರುವಷ್ಟು.

ಅಪ್ಪ, ಮೊದಲು ಗಾಡಿಯ ವಿಷಯ, ನೀವು ಕೇಳುವುದೂ ಅದನ್ನೇ. ಉದ್ದ 25 ಅಡಿ, ನಿಮ್ಮ ಕುಮಟಾ ಡಿಪೋದ ಬಸ್ಸಿಗಿಂತ ಸಾಕಷ್ಟು ಗಿಡ್ಡ. ಪೆಟ್ರೋಲ್ ಇಂಜಿನ್, ಆಟೋಮ್ಯಾಟಿಕ್ ಗೇರ್. ಒಂದು ಲೀಟರಿಗೆ ನಾಲ್ಕು ಕಿಲೋಮೀಟರ್ ಬಂದರೆ ಹೆಚ್ಚು. ಹಿಂದಿನ ಚಕ್ರಗಳಾಚೆಗೂ ಗಾಡಿಯ ಮೈ ಬಹಳ ಚಾಚಿಕೊಂಡಿರುವುದರಿಂದ ತಿರುಗಿಸುವಾಗ ಹಿಂಭಾಗ ಹೊರಕ್ಕೆ ಬೀಸುತ್ತದೆ, ಕನ್ನಡಿಯಲ್ಲಿ ಕಣ್ಣಿಟ್ಟಿರಬೇಕು. ಇಲ್ಲಿನ ಸಾಮಾನ್ಯ ಕಾರಿನ ಲೈಸೆನ್ಸೇ ಇದಕ್ಕೂ ಸಾಕು. ನ್ಯೂಪೋರ್ಟ್‌ವರೆಗೆ ಇವರು ಓಡಿಸಿದರು, ಅಲ್ಲಿಂದ ಮುಂದೆ ನಾನು. ತಿರುವಿಗೆ ಮೊದಲೇ ವೇಗ ಇಳಿಸು, ತಿರುವಿನೊಳಗೆ ಬ್ರೇಕ್ ಮುಟ್ಟಬೇಡ ಎಂದು ನೀವು ಸ್ಕೂಟರ್ ಕಲಿಸುವಾಗ ಹೇಳಿದ್ದು ಆ ದಿನ ಪೂರ್ತಿ ನನ್ನ ಕಿವಿಯಲ್ಲಿತ್ತು.

ಅಮ್ಮ, ಒಳಗೆ ಗ್ಯಾಸ್ ಒಲೆ, ಫ್ರಿಜ್, ಸಿಂಕ್, ಬಚ್ಚಲು, ಶೌಚಾಲಯ ಎಲ್ಲವೂ ಇವೆ. ಹಿಂಬದಿಯಲ್ಲಿ ಇಬ್ಬರು ಆರಾಮವಾಗಿ ಮಲಗುವ ಮಂಚವಿದೆ, ಅದು ನಿಮಗೆ. ಮೆಟ್ಟಿಲು ಹತ್ತುವಾಗ ಹಿಡಿದುಕೊಳ್ಳಲು ಗಟ್ಟಿ ಹಿಡಿಕೆಯಿದೆ, ಅಪ್ಪನ ಮಂಡಿಗೆ ತೊಂದರೆಯಾಗದು. ಶೌಚಾಲಯದ ಕೊಳೆನೀರಿಗೆ ಒಂದು ಟ್ಯಾಂಕ್, ಪಾತ್ರೆ ತೊಳೆದ ನೀರಿಗೆ ಇನ್ನೊಂದು. ಎರಡನ್ನೂ ಅದಕ್ಕೆಂದೇ ಇರುವ ಜಾಗದಲ್ಲಿ ದಪ್ಪ ಕೊಳವೆ ಜೋಡಿಸಿ ಖಾಲಿ ಮಾಡಬೇಕು. ಕೈಗವಸು ತೊಟ್ಟು ಇವರು ಆ ಕೆಲಸ ಮಾಡಿದರು. ಮೊದಲು ಶೌಚದ್ದು, ಆಮೇಲೆ ಪಾತ್ರೆ ನೀರಿನದು, ಆಗ ಕೊಳವೆಯೂ ತೊಳೆದುಹೋಗುತ್ತದೆ. ಈ ಏರ್ಪಾಟನ್ನು ಕಣ್ಣಾರೆ ನೋಡಿದ ಮೇಲೆ ನನಗೂ ಧೈರ್ಯ ಬಂತು.

ಊರಲ್ಲಿ ಹೆದ್ದಾರಿ 66 ಇರುವಂತೆ ಇಲ್ಲಿ ಹೆದ್ದಾರಿ 101. ಒರೆಗಾನ್ ರಾಜ್ಯದ ಉತ್ತರ ತುದಿಯ ಕೊಲಂಬಿಯಾ ನದಿಯಿಂದ ದಕ್ಷಿಣದ ಕ್ಯಾಲಿಫೋರ್ನಿಯಾ ಗಡಿಯವರೆಗೆ ಸುಮಾರು 580 ಕಿಲೋಮೀಟರ್ ಈ ರಸ್ತೆ ಕಡಲಿನ ಜೊತೆಗೇ ಸಾಗುತ್ತದೆ. ಇಲ್ಲಿಯೂ ಕಡಲು ಪಶ್ಚಿಮಕ್ಕೆ, ಸೂರ್ಯ ಮುಳುಗುವುದು ನೀರಿನಲ್ಲೇ. ವಾಹನಗಳು ಬಲಬದಿಯಲ್ಲಿ ಓಡುವುದರಿಂದ ದಕ್ಷಿಣಕ್ಕೆ ಹೊರಟರೆ ಕಡಲು ನಮ್ಮ ಬದಿಗೇ ಬರುತ್ತದೆ. ಎದುರಿನ ವಾಹನಗಳನ್ನು ದಾಟದೆಯೇ ಬೇಕೆಂದಲ್ಲಿ ರಸ್ತೆಯಂಚಿಗೆ ಇಳಿಸಿ ನಿಲ್ಲಿಸಬಹುದು. ನೀವು ಮಂಗಳೂರಿನಿಂದ ಮರಳುವಾಗ ಮರವಂತೆಯಲ್ಲಿ ಎಡಗಡೆ ಕಡಲು ಹೀಗೇ ಹತ್ತಿರ ಬರುತ್ತಿತ್ತಲ್ಲ.

ಬೆಳಿಗ್ಗೆ ಡೀಪೋ ಬೇ ತಲುಪಿದಾಗ ಮಂಜು ಆಗಷ್ಟೇ ಸರಿಯುತ್ತಿತ್ತು. ಪುಟ್ಟ ಊರು, ಹೆದ್ದಾರಿಯೇ ಅದರ ಪೇಟೆಬೀದಿ. ರಸ್ತೆಯ ಒಂದು ಪಕ್ಕ ಅಂಗಡಿಸಾಲು, ಇನ್ನೊಂದು ಪಕ್ಕ ಕಲ್ಲಿನ ತಡೆಗೋಡೆ, ಅದರ ಕೆಳಗೇ ಕಡಲು. ಅಲೆ ಜೋರಾಗಿದ್ದರೆ ಬಂಡೆಯ ಬಿರುಕುಗಳೊಳಗೆ ನೀರು ನುಗ್ಗಿ ರಸ್ತೆಗೇ ಚಿಮ್ಮುತ್ತದೆ. ದೋಣಿಗಳು ತಂಗುವ ಒಳಬಂದರಿನ ವಿಸ್ತಾರ ಬರೀ ಆರು ಎಕರೆ. ಗೋಡೆಗೆ ಒರಗಿ ನಿಂತ ಸ್ವಲ್ಪ ಹೊತ್ತಿಗೆ ಇವರು "ಅಲ್ಲಿ, ಅಲ್ಲಿ" ಎಂದರು. ನೀರಿನಿಂದ ಬಿಳಿ ಹಬೆ ಎದ್ದಿತು, ಹಿಂದೆಯೇ ಬೂದುಬಣ್ಣದ ಬೆನ್ನೊಂದು ನಿಧಾನವಾಗಿ ಉರುಳಿ ಮುಳುಗಿತು. ಬೂದು ತಿಮಿಂಗಿಲ! ಚಳಿಗಾಲದಲ್ಲಿ ಇವು ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದ ಹಿನ್ನೀರಿಗೆ ಹೋಗಿ ಮರಿ ಹಾಕುತ್ತವೆ, ವಸಂತದಲ್ಲಿ ಅಲಾಸ್ಕಾದಾಚೆಯ ಕಡಲಿಗೆ ಹೊರಡುತ್ತವೆ. ಕೆಲವು ಮಾತ್ರ ಅಷ್ಟು ದೂರ ಹೋಗದೆ ಬೇಸಿಗೆಯಿಡೀ ಇಲ್ಲೇ ಸಣ್ಣ ಸಿಗಡಿಯಂಥ ಜೀವಿಗಳನ್ನು ತಿಂದುಕೊಂಡಿರುತ್ತವೆ. ಅಪ್ಪ, ಗಾಡಿ ನಿಲ್ಲಿಸಿದ ಜಾಗದಿಂದ ಆ ಗೋಡೆಗೆ ನಾಲ್ಕು ಹೆಜ್ಜೆಯಷ್ಟೇ. ಕುರ್ಚಿ ಹಾಕಿ ಕೂತೇ ನೀವು ತಿಮಿಂಗಿಲ ನೋಡಬಹುದು.

ನ್ಯೂಪೋರ್ಟ್‌ನಲ್ಲಿ ಅಮ್ಮನದೇ ನೆನಪು. ಬಂದರಿನ ದಕ್ಕೆಯಲ್ಲಿ ಮೀನುಗಾರರು ದೋಣಿಯಿಂದಲೇ ಅಲ್ಬಕೋರ್ ಎಂಬ ಟ್ಯೂನಾ ಮೀನನ್ನು ಮಾರುತ್ತಾರೆ. ಬೇಸಿಗೆಯ ಕೊನೆಯಲ್ಲಿ ಅದರ ಸುಗ್ಗಿ. ಇಲ್ಲಿನ ದೊಡ್ಡ ಏಡಿಯೂ ಹೆಸರುವಾಸಿ. ಹೆಣ್ಣು ಏಡಿ ಸಿಕ್ಕಿದರೆ ನೀರಿಗೇ ಬಿಡಬೇಕೆಂಬ ನಿಯಮವಿದೆ, ಹಾಗಾಗಿಯೇ ಇಷ್ಟು ವರ್ಷ ಹಿಡಿದರೂ ಏಡಿ ಮುಗಿದಿಲ್ಲ ಎಂದು ದೋಣಿಯವನು ಹೆಮ್ಮೆಯಿಂದ ಹೇಳಿದ. ಪಕ್ಕದ ತೇಲುಕಟ್ಟೆಯ ಮೇಲೆ ಕಡಲಸಿಂಹಗಳು ಒಂದರ ಮೇಲೊಂದು ಬಿದ್ದುಕೊಂಡು ಬೊಬ್ಬಿಡುತ್ತಿದ್ದವು. ಪುಟ್ಟ ಅಲ್ಲಿಂದ ಕದಲಲೊಲ್ಲ.

ಊರು ದಾಟುವಲ್ಲಿ ಯಕ್ವಿನಾ ಕೊಲ್ಲಿಯ ಸೇತುವೆ. ಉದ್ದ 982 ಮೀಟರ್. ನಡುವೆ ಉಕ್ಕಿನ ದೊಡ್ಡ ಕಮಾನು, ಎರಡೂ ಕಡೆ ಚಿಕ್ಕ ಕಮಾನುಗಳು. 1936ರಲ್ಲಿ ತೆರೆದದ್ದು, ಇಂದಿಗೂ ಹೆದ್ದಾರಿಯ ಭಾರವೆಲ್ಲ ಅದರ ಮೇಲೆಯೇ. ಕಾಂಡಿ ಮೆಕಲಾ ಎಂಬ ಎಂಜಿನಿಯರರ ವಿನ್ಯಾಸ. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಒಕ್ಕೂಟ ಸರ್ಕಾರದ ಹಣದಿಂದ ಈ ತೀರದ ಐದು ಅಳಿವೆಗಳಿಗೆ ಐದು ದೊಡ್ಡ ಸೇತುವೆಗಳು ಬಂದವು. ಅದಕ್ಕೆ ಮೊದಲು ಇಲ್ಲಿಯೂ ತಾರಿಯೇ ಗತಿ, ವಾಹನಗಳು ದಡದಲ್ಲಿ ಸಾಲುಗಟ್ಟಿ ಕಾಯಬೇಕಿತ್ತು. ಶರಾವತಿಗೆ ಸೇತುವೆ ಬರುವ ಮುಂಚೆ ತಾರಿ ತಪ್ಪಿ ದಡದಲ್ಲೇ ರಾತ್ರಿ ಕಳೆದದ್ದನ್ನು ಅಜ್ಜ ಹೇಳುತ್ತಿದ್ದರಲ್ಲ, ಅದನ್ನು ಪುಟ್ಟನಿಗೆ ಹೇಳುತ್ತಾ ದಾಟಿದೆ. ಸೇತುವೆಯ ರಸ್ತೆ ಕಿರಿದು, ಗಾಳಿ ಬಲವಾಗಿ ಬದಿಯಿಂದ ತಳ್ಳುತ್ತದೆ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ.

ಯಾಹಾಟ್ಸ್ ಊರಿನ ಹತ್ತಿರ ಮರಳದಂಡೆಯ ಬದಿಗೆ ನಿಲ್ಲಿಸಿ ಅಡುಗೆ ಮಾಡಿದೆವು. ಮನೆಯಲ್ಲೇ ರುಬ್ಬಿ ತಂದಿದ್ದ ಮಸಾಲೆ, ನೀನು ಕಳಿಸಿದ ಮುರುಗಲ ಸಿಪ್ಪೆ, ಬೆಳಿಗ್ಗೆಯ ಟ್ಯೂನಾ. ಆ ಮೀನು ಸ್ವಲ್ಪ ಗಟ್ಟಿ, ಬಂಗಡೆಯ ರುಚಿ ಬಾರದು, ಆದರೆ ಸಾರು ಚೆನ್ನಾಗಿಯೇ ಆಯಿತು. ಹಲಸಿನ ಹಪ್ಪಳ ಕರಿದೆ. ಕಿಟಕಿಯ ಹೊರಗೆ ಕಡಲು, ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ. ನೀನು ಆ ಒಲೆಯ ಮುಂದೆ ನಿಂತಂತೆಯೇ ನನಗೆ ಕಾಣುತ್ತಿತ್ತು.

ಅಪ್ಪ, ಈಗ ಹೇಳುವುದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ. ಈ ರಾಜ್ಯದಲ್ಲಿ ಕಡಲದಂಡೆಗೆ ಯಾರೂ ಬೇಲಿ ಹಾಕುವಂತಿಲ್ಲ. 1913ರಲ್ಲಿ ಆಸ್ವಾಲ್ಡ್ ವೆಸ್ಟ್ ಎಂಬ ಗವರ್ನರ್ ಇದ್ದಾಗ ಅಲೆ ಬಂದುಹೋಗುವ ಮರಳನ್ನೆಲ್ಲ ಸಾರ್ವಜನಿಕ ಹೆದ್ದಾರಿ ಎಂದು ಕಾನೂನು ಮಾಡಿದರು. ರಸ್ತೆಯಿಲ್ಲದ ಆ ದಿನಗಳಲ್ಲಿ ಜನ ನಿಜಕ್ಕೂ ಮರಳಿನ ಮೇಲೆಯೇ ಓಡಾಡುತ್ತಿದ್ದರು. ಮುಂದೆ ವಸತಿಗೃಹವೊಂದು ತನ್ನ ಎದುರಿನ ಒಣಮರಳಿಗೆ ಅಡ್ಡ ಹಾಕಿದಾಗ ಜನ ಸಿಟ್ಟಿಗೆದ್ದರು, ಗವರ್ನರ್ ಟಾಮ್ ಮೆಕಾಲ್ ಅವರ ಪರ ನಿಂತರು, 1967ರಲ್ಲಿ ಒಣಮರಳಿನ ಮೇಲೂ ಎಲ್ಲರ ಹಕ್ಕನ್ನು ಕಾನೂನು ಕಾಯ್ದಿತು. ನಮ್ಮೂರಿನಲ್ಲಿ ಕಡಲಿಗಿಳಿಯುವ ದಾರಿಗೆ ರೆಸಾರ್ಟ್ ಒಂದರ ತಂತಿಬೇಲಿ ಬಂದಾಗ ನೀವು ಅರ್ಜಿ ಹಿಡಿದು ಅಲೆದದ್ದು ನನಗೆ ನೆನಪಿದೆ. ಅಂಥ ಹಟ ಹಿಡಿದವರು ಗೆದ್ದ ಮರಳಿನ ಮೇಲೆ ನಿಮ್ಮ ಮೊಮ್ಮಗ ಓಡುತ್ತಿದ್ದ. ನೀವು ಆ ಜಾಗ ನೋಡಲೇಬೇಕು.

ನೀರಿಗೆ ಮಾತ್ರ ಇಳಿಯಲಾಗದು. ಬೇಸಿಗೆಯಲ್ಲಿ ಉತ್ತರದ ಗಾಳಿ ಮೇಲಿನ ನೀರನ್ನು ಆಚೆಗೆ ತಳ್ಳುವುದರಿಂದ ಆಳದ ತಣ್ಣೀರು ಮೇಲೇಳುತ್ತದೆ, ಹತ್ತು ಹನ್ನೆರಡು ಡಿಗ್ರಿಯಷ್ಟೇ. ಪಾದ ಅದ್ದಿದರೆ ಮೂಳೆಯೇ ಕೊರೆಯುತ್ತದೆ. ಕಡಲಿಗೆ ಬೆನ್ನು ಹಾಕಬೇಡಿ, ಹಠಾತ್ತನೆ ದೊಡ್ಡ ಅಲೆ ಬರುತ್ತದೆ ಎಂಬ ಫಲಕಗಳಿವೆ. ಸುನಾಮಿ ಬಂದರೆ ಯಾವ ದಾರಿಯಲ್ಲಿ ಗುಡ್ಡ ಹತ್ತಬೇಕೆಂಬ ನೀಲಿ ಫಲಕಗಳೂ ಊರೂರಿನಲ್ಲಿವೆ. 1700ರ ಜನವರಿಯಲ್ಲಿ ಇಲ್ಲಾದ ಭಾರೀ ಭೂಕಂಪದ ಅಲೆ ಜಪಾನಿನವರೆಗೂ ಹೋಗಿತ್ತಂತೆ, ಅಲ್ಲಿನ ಹಳೆಯ ದಾಖಲೆಗಳಿಂದಲೇ ದಿನಾಂಕ ತಿಳಿದದ್ದು. ತಂಗುವ ಜಾಗಕ್ಕೆ ಹೋದ ಕೂಡಲೇ ಆ ದಾರಿಯನ್ನು ನೋಡಿಟ್ಟುಕೊಳ್ಳುತ್ತೇನೆ, ಹೆದರಬೇಡಿ.

ಮುಂದಿನದು ಕೇಪ್ ಪರ್ಪೆಚುವಾ. ಕಪ್ಪು ಲಾವಾ ಬಂಡೆಗಳ ಕೊರಕಲಿನೊಳಗೆ ಅಲೆ ನುಗ್ಗಿ ನೊರೆಯಾಗಿ ಸಿಡಿಯುವುದನ್ನು ರಸ್ತೆಬದಿಯಿಂದಲೇ ನೋಡಬಹುದು. ಹೆಸೀಟಾ ಹೆಡ್‌ನ ದೀಪಸ್ತಂಭ 1894ರದು. ಅಲ್ಲಿಗೆ ಏರುದಾರಿಯಲ್ಲಿ ನಡೆಯಬೇಕು, ಅಪ್ಪನಿಗೆ ಬೇಡ. ದಕ್ಷಿಣಕ್ಕೆ ಸ್ವಲ್ಪ ಮುಂದೆ ಹೋಗಿ ತಿರುಗಿ ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಫ್ಲಾರೆನ್ಸ್‌ನ ಸೇತುವೆಯೂ ಮೆಕಲಾ ಅವರದೇ. ಅದರಾಚೆಗೆ ಸರ್ಕಾರಿ ಉದ್ಯಾನದಲ್ಲಿ ರಾತ್ರಿ ತಂಗಿದೆವು. ವಿದ್ಯುತ್ತಿನ ತಂತಿ, ನೀರಿನ ಕೊಳವೆ ಜೋಡಿಸಿದರೆ ಮುಗಿಯಿತು, ಬಿಸಿನೀರಿನ ಸ್ನಾನವೂ ಆಯಿತು. ಪಕ್ಕದಲ್ಲೇ ಸಿಹಿನೀರಿನ ಕೆರೆ, ಅದರಂಚಿಗೆ ಮರಳಿನ ಬೆಟ್ಟ. ಇಂಥ ಮರಳುದಿಬ್ಬಗಳು ಇಲ್ಲಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್ ಹಬ್ಬಿವೆ. ಪುಟ್ಟ ಕತ್ತಲಾಗುವವರೆಗೂ ಅದರ ಮೇಲಿಂದ ಜಾರಿದ.

ಇಡೀ ದಿನದಲ್ಲಿ ಒಂದೇ ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂತದ್ದೇ ಇಲ್ಲ. ನಿಮಗಾಗಿ ಇದನ್ನು ಎರಡು ದಿನಕ್ಕೆ ಹಂಚುತ್ತೇನೆ, ನಡುವೆ ನ್ಯೂಪೋರ್ಟ್‌ನಲ್ಲಿ ತಂಗೋಣ. ಸೆಪ್ಟೆಂಬರ್ ಆದರೆ ಮಂಜು ಕಡಿಮೆ, ಜನಸಂದಣಿಯೂ ಇಳಿದಿರುತ್ತದೆ, ತಿಮಿಂಗಿಲಗಳು ಇನ್ನೂ ಇರುತ್ತವೆ. ವೀಸಾ ಸಂದರ್ಶನಕ್ಕೆ ಬಹಳ ಕಾಯಬೇಕಾಗುವುದರಿಂದ ಈಗಲೇ ಅರ್ಜಿ ತುಂಬಬೇಕು, ಅದನ್ನು ನಾನೇ ತುಂಬುತ್ತೇನೆ. ಅಮ್ಮ, ಬರುವಾಗ ಒಣಗಿದ ಜುಮ್ಮನಕಾಯಿ ತರಲು ಮರೆಯಬೇಡ. ಅಪ್ಪ, ಇಬ್ಬರ ಪಾಸ್‌ಪೋರ್ಟಿನ ಅವಧಿ ಯಾವಾಗ ಮುಗಿಯುತ್ತದೆಂದು ನೋಡಿ ಈ ವಾರವೇ ತಿಳಿಸಿ.

ನಿಮ್ಮ ಮಗಳು